ನಳದ ಕಾಕಾನ ರಿಟ್

ಮೊನ್ನೆ ಕೊಪ್ಪಳದ ವಕೀಲರ ಸಂಘದ ಕೋಣೆಯಲ್ಲಿ ಕಿರಿಯ ವಕೀಲರಿಬ್ಬರು ಮೊಬೈಲಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ಓದುತ್ತ ಕೂತಿದ್ದರು. ಕಣ್ಣು ಕಾಣದವರು ನ್ಯಾಯಾಧೀಶರಾಗಬಾರದು ಎಂಬ ನಿಯಮವನ್ನು ತೆಗೆದುಹಾಕಿದ ತೀರ್ಪು. ಅದು ಸರಿ, ಆದರೆ ಕಾಣದವರು ಕೆಲಸ ಹೇಗೆ ನಡೆಸುತ್ತಾರೆ ಎಂದು ಒಬ್ಬಳು ನನ್ನನ್ನು ಕೇಳಿದಳು. ಕಲಮು, ಉಪಕಲಮು ಹೇಳಬೇಕೆಂದು ಬಾಯಿ ತೆರೆದೆ, ಬಾಯಿಗೆ ಬಂದದ್ದು ನಳದ ಕಾಕಾ. ಅರ್ಧ ಕಥೆ ಹೇಳುವಷ್ಟರಲ್ಲಿ ನನ್ನ ಪ್ರಕರಣ ಕೂಗಿದರು. ಇನ್ನರ್ಧ ಹೊಟ್ಟೆಯಲ್ಲೇ ಉಳಿಯಿತು. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಆಗ ನಾನು ಯಲಬುರ್ಗಾದಲ್ಲಿ ವಕೀಲಿ ಮಾಡುತ್ತಿದ್ದೆ. ಕುಷ್ಟಗಿ ರಸ್ತೆಯ ಒಂದು ಊರಿನ ಸಾಲೆಯಲ್ಲಿ ಕಾನೂನು ಅರಿವು ಶಿಬಿರವಿತ್ತು. ಅಲ್ಲಿಗೆ ಕುಡಿಯುವ ನೀರು ತಂದಿಟ್ಟವರು ಆ ಪಂಚಾಯಿತಿಯ ನೀರುಗಂಟಿ. ಊರಿನವರ ಬಾಯಲ್ಲಿ ಅವರು ನಳದ ಕಾಕಾ. ಬೆಳಿಗ್ಗೆ ಟಾಕಿ ತುಂಬಿಸಿ, ಓಣಿಗೊಂದರಂತೆ ವಾಲ್ ತಿರುವಿ, ಸರದಿ ಪ್ರಕಾರ ನಳ ಬಿಡುವುದು ಅವರ ಕೆಲಸ. ವಾಲ್ ತಿರುವುವ ಎದೆಮಟ್ಟದ ಕಬ್ಬಿಣದ ಚಾವಿಯೊಂದು ಯಾವಾಗಲೂ ಕೈಯಲ್ಲಿ. ಅವರು ನೀರಿನ ಲೋಟವನ್ನು ವೇದಿಕೆಯ ಮೇಲಿದ್ದ ನ್ಯಾಯಾಧೀಶರಿಗೆ ಚಾಚಿದಾಗ ಲೋಟ ನ್ಯಾಯಾಧೀಶರಿಗಿಂತ ಒಂದು ಗೇಣು ಪಕ್ಕಕ್ಕೆ ಹೋಯಿತು. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ, ಗಮನಿಸಿದೆನಲ್ಲ ಎಂದು ಬೀಗಿದೆ ಕೂಡ. ಆಗಿನ ನನ್ನ ಹುರುಪನ್ನು ನೆನೆದರೆ ಈಗ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಶಿಬಿರ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದೆ. ಕೆಲಸಕ್ಕೆ ಸೇರಿದಾಗ ಕಣ್ಣು ಸರಿಯಿತ್ತಂತೆ, ಹತ್ತು ಹನ್ನೆರಡು ವರ್ಷದಿಂದ ದೃಷ್ಟಿ ಕಿರಿದಾಗುತ್ತ ಬಂದಿತ್ತಂತೆ. ಮೊದಲು ಸಂಜೆ ಹೊತ್ತು ಕಾಣುವುದು ನಿಂತಿತು, ಆಮೇಲೆ ಅಕ್ಕಪಕ್ಕದ್ದು ಹೋಯಿತು, ಈಗ ಬೆಳಕು ಯಾವುದು ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಅರ್ಧ ಊರಿಗೆ ಇದು ಗೊತ್ತಿತ್ತು. ಇನ್ನರ್ಧಕ್ಕೆ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ, ಏಕೆಂದರೆ ನಳ ತಪ್ಪಿರಲಿಲ್ಲ. ಅಂಗವಿಕಲರ ಕಾರ್ಡು ಮಾಡಿಸಿರಿ ಎಂದೆ. "ನಂದೇನು ನಡದೈತಿ ಬಿಡ್ರಿ ಅಕ್ಕಾರ" ಎಂದು ಕಾಕಾ ಜಾರಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಹಕ್ಕು, ಸವಲತ್ತು, ಬಸ್ ಪಾಸು ಎಂದು ಅರ್ಧ ತಾಸು ಭಾಷಣ ಬಿಗಿದೆ. ಮುಂದಿನ ವಾರ ನಾನೇ ಜೊತೆಗೆ ಹೋಗಿ ಕೊಪ್ಪಳದ ಆಸ್ಪತ್ರೆಯಲ್ಲಿ ವೈದ್ಯರ ಮಂಡಳಿಯ ಮುಂದೆ ನಿಲ್ಲಿಸಿದೆ. ಕಾರ್ಡು ಬಂತು.

ಮೂರು ತಿಂಗಳಾದ ಮೇಲೆ ಕಾಕಾ ಹೆಂಡತಿಯೊಂದಿಗೆ ನನ್ನ ಆಫೀಸಿಗೆ ಬಂದರು. ಚಾವಿ ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತರು. ಆದದ್ದು ಇಷ್ಟು: ಕಾರ್ಡು ಬಂದದ್ದರಿಂದ ಪಂಚಾಯಿತಿಯ ಅಂಗವಿಕಲರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಪಟ್ಟಿಗೆ ಸಹಿ ಮಾಡುವಾಗ ಪಿಡಿಒ ನೋಡಿದರು. ಅವರು ಊರಿಗೆ ಹೊಸಬರು, ಕೆಟ್ಟವರೇನಲ್ಲ, ಹೆದರಿದ್ದರು. ಕಣ್ಣು ಕಾಣದ ಮನುಷ್ಯ ನಾಳೆ ಟಾಕಿಯ ಏಣಿಯಿಂದ ಬಿದ್ದರೆ ತನ್ನ ಕುತ್ತಿಗೆಗೆ ಬರುತ್ತದೆ ಎಂದುಕೊಂಡು ಸಭೆಯಲ್ಲಿ ವಿಷಯ ಇಟ್ಟರು. ಸಭೆ ಠರಾವು ಮಾಡಿ ಕೆಲಸದಿಂದ ತೆಗೆಯಿತು. ಚಾವಿ ಒಬ್ಬ ದಿನಗೂಲಿಯವನ ಕೈಗೆ ಹೋಯಿತು.

ಕಾಕಾನ ಹೆಂಡತಿ ಸಿಟ್ಟು ಮಾಡಲಿಲ್ಲ. "ನೀವು ಕಾರ್ಡ್ ಮಾಡಸ್ರಿ ಅಂದ್ರಿ, ಮಾಡಿಸಿದ್ವಿ. ಈಗೇನ್ ಮಾಡೂನು ಹೇಳ್ರಿ" ಎಂದಷ್ಟೇ ಕೇಳಿದರು. ಬೈದಿದ್ದರೆ ಹಗುರಾಗುತ್ತಿತ್ತು. ಆ ದಿನ ನನಗೆ ನನ್ನ ಮೇಲೇ ಬಂದ ಸಿಟ್ಟು ಈ ಪ್ರಕರಣ ಮುಗಿಯುವವರೆಗೂ ಇಳಿಯಲಿಲ್ಲ.

ಪಂಚಾಯಿತಿಗೆ ನೋಟಿಸು ಕೊಟ್ಟೆ. ಹತ್ತು ಸಾಲಿನ ಉತ್ತರ ಬಂತು: ನೌಕರರು ತಮ್ಮ ಅಂಗವೈಕಲ್ಯವನ್ನು ಮರೆಮಾಚಿದ್ದರು, ಸಾರ್ವಜನಿಕರ ಹಿತದೃಷ್ಟಿಯಿಂದ ತೆಗೆಯಲಾಗಿದೆ. ಮೇಲಿನ ಕಚೇರಿಗೆ ಮನವಿ ಕೊಟ್ಟೆ. ಅಲ್ಲಿಂದ ಉತ್ತರವೇ ಇಲ್ಲ. ಉಳಿದದ್ದು ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ. ಅಲ್ಲಿ ನನಗೆ ಪರಿಚಯದ ಹಿರಿಯ ವಕೀಲರೊಬ್ಬರಿದ್ದರು. ಕಡತ ತಿರುವಿ ನೋಡಿ, ಇದು ಸರಳ ಎಂದರು. ಎರಡು ಸಾವಿರದ ಹದಿನಾರರ ಕಾಯ್ದೆಯ ಇಪ್ಪತ್ತನೇ ಕಲಮಿನ ನಾಲ್ಕನೇ ಉಪಕಲಮು: ಸರ್ಕಾರಿ ಸಂಸ್ಥೆಯ ನೌಕರನಿಗೆ ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಅವನನ್ನು ತೆಗೆಯುವಂತಿಲ್ಲ, ಆ ಕೆಲಸ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಪಂಚಾಯಿತಿ ಸರ್ಕಾರಿ ಸಂಸ್ಥೆಯೇ ಎಂದು ಎದುರಿನವರು ಕೇಳುತ್ತಾರೆ, ಕಾಯ್ದೆಯ ವ್ಯಾಖ್ಯೆಯಲ್ಲಿ ಸ್ಥಳೀಯ ಪ್ರಾಧಿಕಾರವೂ ಸೇರಿದೆ ಎಂದು ತೋರಿಸಿದರೆ ಮುಗಿಯಿತು ಎಂದರು. ನನಗೆ ಜೀವ ಬಂದಂತಾಯಿತು.

ಆ ಧಾರವಾಡದ ಓಡಾಟವನ್ನು ಈಗಲೂ ಮನಸ್ಸು ಹಂಬಲಿಸುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಯಲಬುರ್ಗಾದಿಂದ ನಾವು ಮೂವರು ಹೊರಡುತ್ತಿದ್ದೆವು. ಕಾಕಾನ ಹೆಂಡತಿಯ ಬಟ್ಟೆ ಗಂಟಿನಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಗದಗಿನ ಬಸ್ ನಿಲ್ದಾಣದಲ್ಲಿ ಗಿರಮಿಟ್ಟು, ಚಹಾ. ಕಾಕಾ ಕಿಟಕಿಯ ಹತ್ತಿರವೇ ಕೂರಬೇಕು, ಕಾಣದಿದ್ದರೂ. ಈಗ ಕಪ್ಪು ಮಣ್ಣಿನ ಎರಿ ಹೊಲ ಬಂತು, ಈಗ ಕೆಂಪು ಮಣ್ಣಿನ ಮಸಾರಿ ಬಂತು ಎಂದು ಗಾಳಿಯ ಮೇಲೆ ಹೇಳುತ್ತಿದ್ದರು. ಸರಿಯೋ ತಪ್ಪೋ ನೋಡಲು ನಾನು ಕಿಟಕಿಗೆ ಬಾಗುತ್ತಿದ್ದೆ. ಸರಿಯೇ ಇರುತ್ತಿತ್ತು, ಎರಡು ಸಲ ಮಾತ್ರ ತಪ್ಪಾಯಿತು. ಆ ಎರಡು ಸಲವೂ ತಪ್ಪು ಒಪ್ಪಿಕೊಳ್ಳದೆ ಡ್ರೈವರ್ ಬೇರೆ ದಾರಿ ಹಿಡಿದಿದ್ದಾನೆ ಎಂದು ವಾದಿಸಿದರು. ಇಂಥ ಕಕ್ಷಿದಾರ ನನಗೆ ಮತ್ತೆ ಸಿಗಲಿಲ್ಲ.

ನಾಲ್ಕು ಸಲ ಮುಂದೂಡಿದ ಮೇಲೆ ಅರ್ಜಿ ವಿಚಾರಣೆಗೆ ಬಂತು. ಪಂಚಾಯಿತಿಯ ವಕೀಲರು ವಾದ ಮಾಡಲೇ ಇಲ್ಲ. ಎದ್ದು ನಿಂತು, ಅರ್ಜಿದಾರರನ್ನು ಅದೇ ಸಂಬಳಕ್ಕೆ ಕಚೇರಿಯಲ್ಲಿ ಕೂರಿಸಲು ಪಂಚಾಯಿತಿ ಸಿದ್ಧವಿದೆ ಎಂದರು. ನ್ಯಾಯಮೂರ್ತಿಗಳಿಗೂ ಸಮಾಧಾನವಾಯಿತು. ನಮ್ಮ ಹಿರಿಯರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು, ಗೆದ್ದೆವು ಎನ್ನುವಂತೆ. ಕಕ್ಷಿದಾರರನ್ನು ಒಂದು ಮಾತು ಕೇಳಿ ಊಟದ ನಂತರ ಹೇಳುತ್ತೇವೆ ಎಂದು ನಾನು ಪಡಸಾಲೆಗೆ ಬಂದೆ. ಅಲ್ಲಿ ಕಾಕಾ ಬೆಂಚಿನ ಮೇಲೆ ಕೂತಿದ್ದರು. ಸುದ್ದಿ ಹೇಳಿದೆ, ನನ್ನ ಖುಷಿಯಲ್ಲೇ.

ಕಾಕಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಕುಂತು ಏನ್ ಮಾಡ್ಲಿರೀ ನಾನು? ಕಾಗದ ನನಗ ಕಾಣಂಗಿಲ್ಲ. ನೀರು ಕಾಣತೈತಿ" ಎಂದರು.

ಸಂಬಳ ಅದೇ ಇರುತ್ತದೆ, ಏಣಿ ಹತ್ತುವ ಕಾಟವಿಲ್ಲ, ಬಿಸಿಲಿಲ್ಲ ಎಂದು ನಾನು ಒತ್ತಾಯಿಸಿದೆ. ಅವರ ಹೆಂಡತಿಯೂ ಒಪ್ಪಿಕೊಳ್ಳಿ ಎಂದರು.

"ಇಷ್ಟ್ ದಿನಾ ಯಾರೂ ನನ್ನ ಕುರುಡ ಅಂದಿಲ್ಲ ಅಕ್ಕಾರ" ಎಂದರು ಕಾಕಾ. "ಆ ಕುರ್ಚಿ ಮ್ಯಾಲೆ ಕುಂತ್ರ ನಾ ಖರೇನ ಕುರುಡ ಆಗ್ತೀನಿ. ನನಗ ಚಾವಿ ಬೇಕು."

ಹಿರಿಯರಿಗೆ ಹೇಳಿದಾಗ ಅವರ ಮುಖ ಕೆಂಪಾಯಿತು. ಕೊಟ್ಟದ್ದನ್ನು ಒಲ್ಲೆ ಎಂದರೆ ನಾಳೆ ಪಂಚಾಯಿತಿ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ಆಗ ಇದ್ದದ್ದೂ ಹೋಗುತ್ತದೆ ಎಂದು ಗದರಿದರು. ಅವರ ಮಾತು ತಪ್ಪಲ್ಲ. ಆ ಮನುಷ್ಯನ ಬದುಕಿನ ಉಳಿದ ವರ್ಷಗಳು ನನ್ನ ಒಂದು ಹೂಂ ಅಥವಾ ಉಹೂಂ ಮೇಲೆ ನಿಂತಿದ್ದವು, ಕಾರ್ಡಿನ ವಿಷಯದಲ್ಲಿ ನನ್ನ ಹೂಂ ಒಮ್ಮೆ ಕೆಲಸ ಕೆಡಿಸಿತ್ತು. ಆದರೂ ಹಿಂದಿನ ವಾರವಷ್ಟೇ ಓದಿದ ಸುಪ್ರೀಂ ಕೋರ್ಟಿನ ತೀರ್ಪೊಂದು ತಲೆಯಲ್ಲಿ ಕೊರೆಯುತ್ತಿತ್ತು. ಕೈ ನಡುಗಿ ಬರೆಯಲಾಗದ ಒಬ್ಬ ಅಭ್ಯರ್ಥಿ ಪರೀಕ್ಷೆಗೆ ಬರೆದುಕೊಡುವವರನ್ನು ಕೇಳಿದ ಪ್ರಕರಣ ಅದು. ಅವನ ಅಂಗವೈಕಲ್ಯ ಶೇಕಡಾ ಎಷ್ಟು ಎನ್ನುವುದನ್ನಷ್ಟೇ ಹಿಡಿದು ಕೂರಬೇಡಿ, ಏನು ಅನುಕೂಲ ಮಾಡಿಕೊಟ್ಟರೆ ಅವನು ಕೆಲಸ ಮಾಡಬಲ್ಲ ಎಂಬುದನ್ನು ಅವನನ್ನೇ ಕೇಳಿ ತಿಳಿಯಿರಿ, ಅದನ್ನು ಒದಗಿಸದಿರುವುದೂ ತಾರತಮ್ಯವೇ ಎಂಬುದು ಅದರ ಸಾರ. ಸಮಂಜಸ ಹೊಂದಾಣಿಕೆ ಎಂದು ಕಾನೂನು ಅದನ್ನು ಕರೆಯುತ್ತದೆ. ಬೇರೆ ಕುರ್ಚಿ ಕೊಡುವುದು ಆಮೇಲಿನ ಮಾತು. ಅದೇ ಕೆಲಸ ಆಗುತ್ತದೆಯೋ ಇಲ್ಲವೋ ಎಂದು ಪಂಚಾಯಿತಿ ಮೊದಲು ನೋಡಿಯೇ ಇಲ್ಲ. ಹಿರಿಯರಿಗೆ ಇಷ್ಟನ್ನು ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಆತು ತಂಗಿ, ಮುಣಗಿದ್ರ ಇಬ್ಬರೂ ಕೂಡೇ ಮುಣಗೂಣು" ಎಂದರು.

ಊಟದ ನಂತರ ನಾವು ಒಲ್ಲೆವು ಎಂದಾಗ ಪಂಚಾಯಿತಿಯ ವಕೀಲರು ನಕ್ಕರು. ಅರ್ಜಿಯ ಬೇಡಿಕೆ ತಿದ್ದಲು ಅನುಮತಿ ಸಿಕ್ಕಿತು. ಮುಂದಿನ ತಾರೀಖಿಗೆ ನ್ಯಾಯಮೂರ್ತಿಗಳು ಆದೇಶ ಮಾಡಿದರು: ಅಂಗವಿಕಲರ ಕಲ್ಯಾಣದ ಅಧಿಕಾರಿಯೊಬ್ಬರು, ಕುಡಿಯುವ ನೀರಿನ ಇಲಾಖೆಯ ಎಂಜಿನಿಯರ್ ಒಬ್ಬರು ಊರಿಗೆ ಹೋಗಿ, ಅರ್ಜಿದಾರರು ನಳ ಬಿಡುವುದನ್ನು ಕಣ್ಣಾರೆ ನೋಡಿ ವರದಿ ಕೊಡಬೇಕು. ಇದಕ್ಕಿಂತ ಹೆಚ್ಚಿನದನ್ನು ನಾವು ಕೇಳಿಯೇ ಇರಲಿಲ್ಲ. ಕಾಕಾ ಬಸ್ಸಿನಲ್ಲಿ ಉದ್ದಕ್ಕೂ ಮಾತಾಡಿದರು. ಒಂದನೇ ವಾಲ್ ಹನ್ನೊಂದೂವರೆ ಸುತ್ತು, ಎರಡನೆಯದು ಒಂಬತ್ತು, ಮೂರನೆಯದು ಹಳೆಯದು, ಏಳನೇ ಸುತ್ತಿಗೆ ಮುನಿಸಿಕೊಳ್ಳುತ್ತದೆ, ಅದನ್ನು ರಮಿಸಬೇಕು.

ಪರಿಶೀಲನೆಯ ದಿನ ನಾನು ಊರಿಗೆ ಹೋದಾಗ ಮೂರನೇ ವಾಲ್ ಇರುವ ಅಗಸಿ ಓಣಿಯನ್ನು ನೋಡಿ ದಂಗಾದೆ. ಕಸ ಹೊಡೆದು, ನೀರು ಚಿಮುಕಿಸಿ, ರಂಗೋಲಿ ಹಾಕಿದ್ದರು. ಇಡೀ ಓಣಿ ಕಾಕಾನ ಪರವಾಗಿ ನಿಂತಿತ್ತು. ನನಗೆ ಕಣ್ಣು ತುಂಬಿ ಬಂತು. ಭಾಳ ಛಲೋ ಮಾಡೀರಿ ಎಂದು ಹೆಣ್ಣುಮಕ್ಕಳನ್ನು ಹೊಗಳಿದೆ. ಆ ಹೊಗಳಿಕೆಯನ್ನು ಈಗ ವಾಪಸು ಪಡೆಯುವಂತಿದ್ದರೆ ಪಡೆಯುತ್ತಿದ್ದೆ.

ಅಂದು ಕಾಕಾ ಟಾಕಿಯ ಹತ್ತಿರದ ಎರಡು ವಾಲ್‌ಗಳನ್ನು ತಡವರಿಸದೆ ತಿರುವಿದರು. ಟಾಕಿಯ ಕೊಳವೆಗೆ ಅಂಗೈ ಇಟ್ಟು ಎಷ್ಟು ತುಂಬಿದೆ ಎಂದು ಹೇಳಿದರು. ಎಂಜಿನಿಯರ್ ಮೇಲೆ ಹತ್ತಿ ನೋಡಿ ಸರಿ ಎಂದು ಬರೆದುಕೊಂಡರು. ಆಮೇಲೆ ಚಾವಿ ಹೆಗಲಿಗಿಟ್ಟು ಅಗಸಿ ಓಣಿಗೆ ಇಳಿದರು. ನಡಿಗೆ ಒಮ್ಮೆ ನಿಧಾನವಾಯಿತು. ಮತ್ತೆ ಮುಂದಕ್ಕೆ ಹೋದರು. ತಿರುಗಬೇಕಾದ ಮೂಲೆಯನ್ನು ದಾಟಿ ನೇರವಾಗಿ ಚರಂಡಿಯ ಕಡೆ ನಡೆದರು. ಎರಡೂ ಕಡೆ ನಿಂತ ಹೆಂಗಸರಿಗೆ ತಡೆಯಲಾಗಲಿಲ್ಲ. ಒಬ್ಬಳು ಎಡಕ್ಕೆ ಎಂದಳು, ಎದುರಿಗೆ ನಿಂತವಳು ಬಲಕ್ಕೆ ಎಂದಳು, ಇನ್ನೊಬ್ಬಳು ಓಡಿಬಂದು ಮೊಣಕೈ ಹಿಡಿದಳು. ಕಾಕಾ ನಿಂತಲ್ಲೇ ಎರಡು ಸುತ್ತು ತಿರುಗಿದರು, ಆಮೇಲೆ ಚಾವಿಯನ್ನು ನೆಲಕ್ಕೆ ಊರಿ ಹಾಗೇ ಕುಕ್ಕರಿಸಿ ಕೂತುಬಿಟ್ಟರು. ಏನಾಯಿತು ಎಂದು ಕೇಳಿದರೆ, ದಾರಿ ತಪ್ಪಿತು ಎಂಬ ಒಂದೇ ಮಾತು.

ವರದಿ ಎರಡು ವಾರದಲ್ಲಿ ಕೈಸೇರಿತು. ಮೂರನೇ ವಾಲ್ ತಲುಪಲು ಅರ್ಜಿದಾರರು ವಿಫಲರಾದರು, ಪರರ ನೆರವಿಲ್ಲದೆ ಕರ್ತವ್ಯ ನಿರ್ವಹಣೆ ಸಾಧ್ಯವಿಲ್ಲ. ಹಿರಿಯರು ಫೋನು ಮಾಡಿ, ಕುರ್ಚಿಯ ಮಾತು ಇನ್ನೂ ಉಳಿದಿದೆಯೇ ಎಂದು ಪಂಚಾಯಿತಿಯ ವಕೀಲರನ್ನು ವಿಚಾರಿಸಲು ಹೇಳಿದರು. ವಿಚಾರಿಸಿದೆ. ಉಳಿದಿರಲಿಲ್ಲ.

ನನಗೆ ಕಾಕಾನ ಮೇಲೆ ಕೆಟ್ಟ ಕೋಪ ಬಂತು. ಇಷ್ಟು ವರ್ಷ ತಿರುವಿದ ವಾಲ್ ಆ ಒಂದು ದಿನ ತಪ್ಪಬೇಕೆ? ಬೈದೇ ಬರಬೇಕು ಎಂದು ಊರಿಗೆ ಹೋದೆ. ಕಾಕಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು ಓಣಿಯ ಮೂಲೆಗೆ ಕರೆದೊಯ್ದರು. ಅಲ್ಲಿ ನೆಲದಲ್ಲಿ ಒಂದು ದುಂಡನೆಯ ಗುರುತಿತ್ತು, ಬಹಳ ದಿನ ಏನೋ ಕೂತಿದ್ದ ಜಾಗದಂತೆ.

"ಇಲ್ಲಿ ಒಂದು ಒಡದ ಒರಳಕಲ್ಲು ಇತ್ರಿ. ಅವರ ಕಾಲಿಗೆ ಅದು ತಾಕಬೇಕು, ತಾಕಿದ ಮ್ಯಾಲೆ ಎಡಕ್ಕ ಏಳು ಹೆಜ್ಜಿ. ಸಾಹೇಬ್ರು ಬರ್ತಾರಂತ ಇವರೆಲ್ಲಾ ಅದನ್ನ ಟ್ರ್ಯಾಕ್ಟರಿಗೆ ಹಾಕಿ ಹಳ್ಳಕ್ಕ ಒಗದು ಬಂದಾರ್ರಿ."

ಒರಳುಕಲ್ಲೊಂದೇ ಅಲ್ಲ. ಎಮ್ಮೆ ಕಟ್ಟುವ ಗೂಟ, ಅರ್ಧ ಹೂತ ಗಾಡಿಯ ಗಾಲಿ, ಚರಂಡಿಯ ಮೇಲಿನ ಅಲುಗಾಡುವ ಚಪ್ಪಡಿ, ಕಾಕಾನ ಇಡೀ ದಾರಿಯನ್ನೇ ಪ್ರೀತಿಯಿಂದ ಗುಡಿಸಿ ಎಸೆದಿದ್ದರು. ಸಾಹೇಬರು ಬರುತ್ತಾರೆಂದರೆ ಓಣಿ ಚೊಕ್ಕ ಮಾಡುವುದು ನಮ್ಮ ಕಡೆ ಯಾರೂ ಹೇಳಿಕೊಡಬೇಕಾದ ಕೆಲಸವಲ್ಲ. ಹಿಂದಿನ ದಿನವೇ ಮಾಡಿಬಿಟ್ಟಿದ್ದರು, ಯಾರಿಗೂ ಹೇಳಿರಲಿಲ್ಲ. ವಾಪಸು ಬಂದು ಕಾಕಾನನ್ನು ಕೇಳಿದೆ, ಅಂದೇ ಯಾಕೆ ಬಾಯಿ ಬಿಡಲಿಲ್ಲ ಎಂದು. ಮೊದಲು ಹೆಂಡತಿಯ ಮೇಲೆ ರೇಗಿದರು, ಹೇಳಬೇಡ ಎಂದಿದ್ದೆನಲ್ಲ ಎಂದು. ಆಮೇಲೆ ನನ್ನ ಕಡೆ ತಿರುಗಿದರು.

"ನನ್ನ ಸಲುವಾಗಿ ನಸುಕಿನ್ಯಾಗ ಎದ್ದು ಕಸಾ ಹೊಡದಾರ್ರೀ ಅವ್ವಂದಿರು. ಸಾಹೇಬ್ರ ಮುಂದ ಅವರ ಮ್ಯಾಲೆ ಹ್ಯಾಂಗ್ ಹೇಳ್ಲಿ?"

ಬೈಯಲು ಹೋದವಳು ಅಲ್ಲೇ ಅವರ ಕಟ್ಟೆಯ ಮೇಲೆ ಕೂತು ಅತ್ತೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕಲ್ಲು ಹೇರಿಸಿದ ಮುದುಕಿ, ನಾವೇ ಕೆಡಿಸಿದೆವೇನು ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಹೌದು, ನೀವೇ ಕೆಡಿಸಿದಿರಿ, ನೀವೇ ಸರಿ ಮಾಡಬೇಕು ಎಂದೆ. ಆ ಮಾತು ಆಡಿದ ಮೇಲೆಯೇ ನನಗೆ ಹೊಳೆದದ್ದು. ವರದಿಯನ್ನು ಅಲ್ಲಗಳೆಯಲು ನಾನು ಹುಡುಕುತ್ತಿದ್ದ ಸಾಕ್ಷಿ ಈ ಕಟ್ಟೆಯ ಸುತ್ತ ನಿಂತಿತ್ತು. ಕಾಕಾನಿಗೆ ಬೇಕಾದ ಸಮಂಜಸ ಹೊಂದಾಣಿಕೆ ಹಳ್ಳದಲ್ಲಿ ಬಿದ್ದಿತ್ತು.

ಮರುದಿನ ಒಂಬತ್ತು ಜನ ಹೆಂಗಸರು ಟಂಟಂ ಗಾಡಿಯಲ್ಲಿ ಯಲಬುರ್ಗಾಕ್ಕೆ ಬಂದರು. ನ್ಯಾಯಾಲಯದ ಅಂಗಳದ ಬೇವಿನ ಗಿಡದ ಕೆಳಗೆ ಟೈಪಿಸ್ಟನ ಪಕ್ಕ ಕೂತು ಒಬ್ಬೊಬ್ಬರ ಪ್ರಮಾಣಪತ್ರ ಬರೆಸಿದೆ. ಯಾವ ಕಲ್ಲು, ಎಲ್ಲಿತ್ತು, ಯಾರು ಎತ್ತಿದರು, ಎಲ್ಲಿ ಎಸೆದರು. ಟೈಪಿಸ್ಟ್ ಎರಡು ಸಲ ಕೈ ನಿಲ್ಲಿಸಿ, ಇದನ್ನು ಹೈಕೋರ್ಟಿಗೇ ಕಳಿಸುತ್ತೀರಾ ಎಂದು ಕೇಳಿದ. ಮುದುಕಿ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು, ಇದನ್ನು ಒತ್ತಿದರೆ ಜೇಲಿಗೆ ಹಾಕುತ್ತಾರೇನು ಎಂದು ವಿಚಾರಿಸಿದಳು. ಇಲ್ಲ ಎಂದೆ. ಹಾಕಿದರೂ ಒತ್ತುತ್ತೇನೆ ಎಂದು ಒತ್ತಿದಳು. ಆ ಬೇವಿನ ಗಿಡ, ಆ ಮಸಿ ಡಬ್ಬಿ, ಸಾಲಾಗಿ ಕೂತ ಆ ಒಂಬತ್ತು ಸೀರೆಗಳು ನೆನಪಾದರೆ ಇಂದಿಗೂ ಎದೆ ತುಂಬುತ್ತದೆ. ಆಮೇಲೆ ದೊಡ್ಡ ಪ್ರಕರಣಗಳನ್ನು ನಡೆಸಿದ್ದೇನೆ, ಅಷ್ಟು ಒಳ್ಳೆಯ ಸಾಕ್ಷಿಗಳು ಸಿಕ್ಕಿಲ್ಲ.

ಧಾರವಾಡದಲ್ಲಿ ಹಿರಿಯರು ಪ್ರಮಾಣಪತ್ರ ಓದಿ ಮೊದಲು ನಕ್ಕರು, ಎರಡನೇ ಪುಟಕ್ಕೆ ನಗು ನಿಂತಿತು. ನ್ಯಾಯಾಲಯದಲ್ಲಿ ಅದನ್ನು ಓದಿದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿದರು. ಅಷ್ಟೂ ದಿನ ಇಂಗ್ಲಿಷಿನಲ್ಲೇ ಮಾತಾಡಿದ್ದ ನ್ಯಾಯಮೂರ್ತಿಗಳು ಪಂಚಾಯಿತಿಯ ವಕೀಲರ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಆ ಕಲ್ಲು ಅಲ್ಲೇ ಇದ್ದರೆ ಪಂಚಾಯಿತಿಗೆ ಏನು ತೊಂದರೆ?"

ವಕೀಲರು ಕಡತ ತಿರುವಿದರು. ತೊಂದರೆ ಇಲ್ಲ ಎಂದು ಒಪ್ಪಿಕೊಂಡರು. ಎಲ್ಲವನ್ನೂ ಮೊದಲಿದ್ದಂತೆ ಇಟ್ಟು, ಈ ಸಲ ಯಾರಿಗೂ ದಿನ ತಿಳಿಸದೆ ಮತ್ತೊಮ್ಮೆ ಪರಿಶೀಲಿಸಿ ಎಂದು ಆದೇಶವಾಯಿತು.

ಹಳ್ಳದಿಂದ ಕಲ್ಲು ತಂದು ಇಡುವ ದಿನ ನಾನೂ ಇದ್ದೆ. ನಾಲ್ಕು ಜನ ಗಂಡಸರು ಹೊತ್ತು ತಂದಿಟ್ಟರೆ ಕಾಕಾ ಕಾಲಿನಿಂದ ತಾಕಿಸಿ ನೋಡಿ, ಅಲ್ಲ ಎಂದರು. ಮತ್ತೆ ತಿರುಗಿಸಿದರು, ಅಲ್ಲ ಎಂದರು. ಒಡೆದ ಅಂಚು ಟಾಕಿಯ ಕಡೆ ಬರುವವರೆಗೆ ಅವರನ್ನು ಬೆವರಿಳಿಸಿದರು. ನನಗೆ ಆಗ ಧೈರ್ಯ ಬಂತು, ಈ ಮನುಷ್ಯ ಮತ್ತೆ ಜಗಳಕ್ಕೆ ನಿಂತಿದ್ದಾನೆ ಎಂದು.

ಎಂಜಿನಿಯರ್ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಹೇಳದೆ ಕೇಳದೆ. ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಬಾಗಿಲ ಒಳಗೇ ನಿಂತರಂತೆ. ಕಾಕಾ ಆರೂ ವಾಲ್ ತಿರುವಿದರು. ವರದಿಯ ಕೊನೆಯಲ್ಲಿ ಎಂಜಿನಿಯರ್ ಒಂದು ಸಾಲು ಹೆಚ್ಚಿಗೆ ಬರೆದಿದ್ದರು: ಆರನೇ ವಾಲ್ ಸೋರುತ್ತಿದೆ, ಇದನ್ನು ಅರ್ಜಿದಾರರೇ ತೋರಿಸಿದರು, ಪಂಚಾಯಿತಿ ದುರಸ್ತಿ ಮಾಡಿಸಬೇಕು.

ಅಂತಿಮ ಆದೇಶ ನಾಲ್ಕು ಪುಟದ್ದು. ಠರಾವು ರದ್ದು, ಕಾಕಾ ಅದೇ ಕೆಲಸಕ್ಕೆ ವಾಪಸು. ಕೊಳವೆ ದಾರಿಯಲ್ಲಿ ಏನೇ ಬದಲಾಯಿಸಿದರೂ ಮೊದಲು ಅವರಿಗೆ ತಿಳಿಸಿ ಕೈಯಿಂದ ಮುಟ್ಟಿಸಿ ತೋರಿಸಬೇಕು. ಏಣಿಗೆ ಹಿಡಿದು ಹತ್ತಲು ಕಂಬಿ ಹಾಕಿಸಬೇಕು. ವಾಲ್‌ಗಳ ದಾರಿಯಲ್ಲಿರುವ ಗುರುತುಗಳನ್ನು ತೆಗೆಯಬಾರದು. ಪಿಡಿಒ ತಾವೇ ಚಾವಿ ತಂದು ಕಾಕಾನ ಕೈಗಿಟ್ಟರು. ಆಮೇಲೆ ಅವರಿಬ್ಬರಿಗೂ ಛಲೋ ಹೊಂದಿಕೆಯಾಯಿತು ಎಂದು ಕೇಳಿದೆ.

ಈಗ ನಾನು ಕೊಪ್ಪಳಕ್ಕೆ ಬಂದಿದ್ದೇನೆ. ಧಾರವಾಡದ ಹಿರಿಯರು ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಕಿವಿ ಮಂದವಾಗಿದೆ, ಫೋನಿನಲ್ಲಿ ಕೂಗಬೇಕು. ಕೂಗಿದರೂ ಅವರು ಕೇಳುವುದು ನಳದ ಕಾಕಾ ಹೇಗಿದ್ದಾರೆ ಎಂಬುದನ್ನೇ.

ಹೋದ ತಿಂಗಳು ಕಾಕಾ ಹೆಂಡತಿಯೊಂದಿಗೆ ನನ್ನ ಮನೆಗೆ ಬಂದಿದ್ದರು. ಕೈಯಲ್ಲಿ ಪಂಚಾಯಿತಿಯ ಲಕೋಟೆ. ಮತ್ತೆ ಶುರುವಾಯಿತೇ ಎಂದು ಗಾಬರಿಯಿಂದ ತೆಗೆದುಕೊಂಡೆ. ಬಿಚ್ಚಿದರೆ ಸೇವೆಯಿಂದ ಬಿಡುಗಡೆಯ ಪತ್ರ.

"ಊರಾಗ ಓದಿ ಹೇಳ್ಯಾರ್ರಿ. ನಿಮ್ಮ ಬಾಯಿಲೆ ಒಮ್ಮೆ ಕೇಳಬೇಕಂತ ಬಂದೆ" ಎಂದರು. "ಯಾಕ ಬಿಡಿಸ್ಯಾರ ಅಂತ ಬರದಾರಲ್ಲ, ಅದನ್ನಷ್ಟ ಓದ್ರಿ."

ಓದಿದೆ. ಸದರಿ ನೌಕರರಿಗೆ ಅರವತ್ತು ವರ್ಷ ತುಂಬಿರುವುದರಿಂದ ವಯೋನಿವೃತ್ತಿ.

"ಬ್ಯಾರೆ ಏನೂ ಬರದಿಲ್ಲಲ್ರಿ?"

"ಬ್ಯಾರೆ ಏನೂ ಇಲ್ಲ ಕಾಕಾ."

ಕಾಕಾ ಪತ್ರವನ್ನು ಇಸಿದುಕೊಂಡು ಮಡಿಕೆಯ ಮೇಲೆ ಮಡಿಕೆ ಹಾಕಿ ಅಂಗಿಯ ಕಿಸೆಯಲ್ಲಿಟ್ಟರು. ಮೇಲಿಂದ ಒಮ್ಮೆ ಕೈಯಾಡಿಸಿದರು.

"ಹಂಗಾದ್ರ ಎಲ್ಲಾರಂಗ ಮುದುಕ ಆಗಿ ಬಿಟ್ಟೆ ಅನ್ರಿ."